ಬಾಜೂ ಸೀಟಿನ ಗಂಟಿ

ಗಾಡಿಗಳಿಗೆ ಸೀಟ್ ಕವರ್ ಹೊಲಿಯಾಕ ಕುಂತ ಮ್ಯಾಲ ಇಂಥಾವು ತಪ್ಪೂದಿಲ್ಲ. ಬೆಳಗಾವಿಯ ವಡಗಾವಿ ಓಣ್ಯಾಗಿನ ನನ್ನ ಅಂಗಡಿಗೆ ಬಂದಾವ್ರು ಕವರಿನ ಬಗ್ಗೆ ಎರಡ ಮಾತು ಆಡತಾರ, ಉಳದದ್ದೆಲ್ಲಾ ಯಾವ ಗಾಡಿ ಚಲೋ ಅನ್ನೂ ಜಗಳ. ಹೋದ ವರ್ಷ ಆ ಜಗಳದಾಗ ಸತ್ತಾವ್ರೂ ಬಂದು ಕುಂತ್ರು.

೧. ಬಾಗಿಲ ಪರೀಕ್ಷೆ

ಖಾನಾಪುರದ ಆಚಿ ಬೀಡಿ ಅನ್ನೂ ಊರಿನ ಸಾವ್ಕಾರ್ರೊಬ್ಬರಿಗೆ ಮಗಳ ಸಲುವಾಗಿ ಗಾಡಿ ಬೇಕಾಗಿತ್ತು. ಆಕಿಗೆ ಬೆಳಗಾವ್ಯಾಗ ನೌಕರಿ ಸಿಕ್ಕಿತ್ತು. ದಿನಾ ಒಬ್ಬಾಕಿನ್ನ ಹೆಂಗ ಕಳಸೂದು ಅಂತ ಅಪ್ಪನ ಜೀವ ಒದ್ದಾಡತಿತ್ತು.

"ಹಗುರ ಗಾಡಿ ಸಾಕ್ರಿ, ಓಡಸಾಕ ಸರಳ," ಅಂದ್ರು.

ಶಿವಬಸವ ನಗರದ ರಿಟೈರ್ಡ್ ಮಾಸ್ತರ್ರು ಅಲ್ಲೇ ಚಹಾ ಕುಡೀತಿದ್ರು. "ಹಗುರ ಗಾಡಿ ಅಂದ್ರ ಬಿಸ್ಕಿಟ್ ಡಬ್ಬಿ ರೀ. ಬಾಗಿಲಾ ಹಾಕಿದ್ರ ಧಪ್ ಅನ್ನಬೇಕು, ಟಣ್ ಅನ್ನಬಾರದು."

ಅಂಗಡಿ ಮುಂದ ನಿಂತ ಗಾಡಿಗಳ ಬಾಗಿಲಾ ಇಬ್ಬರೂ ಒಂದ ತಾಸು ಬಡದು ನೋಡಿದ್ರು. ನನ್ನ ತಲಿ ಕೆಟ್ಟ ಹೋತು. ಕಡೀಕ ಸಾವ್ಕಾರ್ರು ಭಾರದ್ದು, ಅಪಘಾತದ ಪರೀಕ್ಷಾದಾಗ ಐದು ಸ್ಟಾರ್ ಸಿಕ್ಕದ್ದು, ಸೆಕೆಂಡ್ ಹ್ಯಾಂಡ್ ತಗೊಳ್ಳಾಕ ಒಪ್ಪಿದ್ರು. ಜೀವದ ಬೆಲಿ ಅಷ್ಟೊತ್ತು ತಿಳಿಸಿ ಹೇಳಿದ ಮಾಸ್ತರ್ರು ಹೆಲ್ಮೆಟ್ ಮೊಣಕೈಗೆ ಸಿಗಿಸಿಕೊಂಡು ಸ್ಕೂಟರ್ ಹತ್ತಿ ಹೋದ್ರು.

೨. ಇಲ್ಲದಾವ್ರ ಬೆಲ್ಟು

ಕವರ್ ಹೊಲದು ಕೊಟ್ಟ ಎಂಟ ದಿನಕ್ಕ ಸಾವ್ಕಾರ್ರು ಬಂದ್ರು. ಮುಖದಾಗ ಕಳಾ ಇರಲಿಲ್ಲ.

"ಬಾಜೂಕ ಯಾರೋ ಕುಂದರ್ತಾರ್ರಿ."

ಖಾನಾಪುರ ದಾಟಿ ಗಿಡಾ ದಟ್ಟ ಆಗೂ ತಿರುವಿಗೆ ಬಂದ್ರ, ಬೆಲ್ಟ್ ಹಾಕ್ರಿ ಅಂತ ಬಾಜೂ ಸೀಟಿನ ಗಂಟಿ ಹೊಡೀತೈತಂತ. ಸೀಟಿನ್ಯಾಗ ಯಾರೂ ಇಲ್ಲ. ನಂಬಲಿಲ್ಲ ನಾ. ಮರುದಿನ ಮುಂಜಾನಿ ಅವರ ಕೂಡ ಹೋಗಿ ಹಿಂದ ಕುಂತೆ. ಮಂಜು ಬಿದ್ದಿತ್ತು. ತಿರುವು ಬಂತು. ಟಿಣ್, ಟಿಣ್. ಖಾಲಿ ಸೀಟಿನ ನಡುವ ಕವರು ಒಂದೀಟು ತೆಗ್ಗಾಗಿತ್ತು. ನಾ ಹಿಂದಿನ ಬಾಗಿಲಾ ಕಡೆ ಸರದು ಕುಂತೆ.

"ಅಪ್ಪಾರು," ಅಂದ್ರು ಸಾವ್ಕಾರ್ರು ಸಣ್ಣ ದನೀಲೆ. "ಇದ್ದಾಗ ನನ್ನ ಎಡಕ್ಕ ಕುಂತು ಸಾವಕಾಶ, ಸಾವಕಾಶ ಅಂತಿದ್ರು." ಖಾಲಿ ಸೀಟಿಗೆ ಬೆಲ್ಟ್ ಎಳದು ಹಾಕಿದ್ರು. ಗಂಟಿ ನಿಂತಿತು.

ಮುಂದ ಪೊಲೀಸಪ್ಪ ಕೈ ಮಾಡಿದ. ಒಳಗ ಹಣಿಕಿ ನೋಡಿದ. "ಖಾಲಿ ಸೀಟಿಗೆ ಬೆಲ್ಟ್ ಯಾಕ್ರಿ?"

"ನಮ್ಮ ಅಪ್ಪಾರ್ರಿ. ತೀರಿಕೊಂಡು ಮೂರು ವರ್ಷಾತು."

ಸಾವ್ಕಾರ್ರ ಬೆಲ್ಟು ಮಾತ್ರ ಗ್ವಾಡಿಗೆ ತೂಗು ಹಾಕಿದಂಗ ಹಂಗ ಇತ್ತು. ತಮ್ಮ ಸೀಟಿನ ಗಂಟಿ ಬಾಯಿ ಮುಚ್ಚಸಾಕ ಬೆಲ್ಟಿನ ಬದಲಿ ಬರೇ ಒಂದು ಕ್ಲಿಪ್ ಚುಚ್ಚಿದ್ರು. ಪೊಲೀಸಪ್ಪ ಅದನ್ನೂ ನೋಡಿದ.

"ಅವರಿಗೆ ಇನ್ನೇನೂ ಆಗೂದಿಲ್ರಿ," ಅಂದ. "ನೀವು ಹಾಕ್ಕೋರಿ."

೩. ಅಜ್ಜ ಇಳದ ದಿನ

ಮನಿಗೆ ಬಂದು ವಿಚಾರ ಮಾಡಿದ ಮ್ಯಾಲ ಹೊಳೀತು. ದಪ್ಪ ಫೋಮ್ ಇಟ್ಟು ಬಿಗಿ ಹೊಲದಾವ ನಾನ. ತಿರುವಿನ್ಯಾಗ ಅದು ಸೀಟಿನೊಳಗಿನ ಸೆನ್ಸರ್ ಅಮುಕಿದ್ರ, ಯಾರೋ ಕುಂತಾರ ಅಂತ ಗಾಡಿಗೆ ಅನಸತೈತಿ. ನಾಚಿಕಿ ಬಂತು. ಪಟ್ಟಿ ಸರಿ ಮಾಡತೀನಿ ಅಂತ ಸುಳ್ಳ ಹೇಳಿ ಹೊಲಿಗಿ ಸಡ್ಲ ಮಾಡಿದೆ. ಗಂಟಿ ನಿಂತಿತು.

ಎರಡ ದಿನಕ್ಕ ಸಾವ್ಕಾರ್ರ ಫೋನು. ಅಳೂ ದನಿ. "ಅಪ್ಪಾರು ಇಳದು ಹೋದ್ರು ರೀ. ಅಜ್ಜ ಬಾಜೂಕ ಅದಾನ ಅಂತ ಧೈರ್ಯ ಮಾಡಿ ಮಗಳನ್ನ ಕಳಸಾವ್ನಿದ್ದೆ. ಇನ್ನ ಒಬ್ಬಾಕಿನ್ನ ಕಳಸಂಗಿಲ್ಲ."

ಆಮ್ಯಾಲ ಮಗಳ ಫೋನು. "ಕಾಕಾ, ನೀವ ಏನೋ ಸಡ್ಲ ಮಾಡೀರಿ, ನಂಗ ಗೊತ್ತೈತಿ. ಸೋಮವಾರ ನಾ ಹಾಜರಾಗಲಿಲ್ಲಂದ್ರ ನೌಕರಿ ಹೋತು. ಅಜ್ಜನ್ನ ವಾಪಸ್ ಹೊಲೀರಿ."

ಭೂತ ಬಿಡಸ್ರಿ ಅನ್ನಾವ್ರನ್ನ ಭಾಳ ಮಂದಿನ್ನ ಕಂಡೇನಿ. ಹೊಲದು ಕೊಡ್ರಿ ಅಂದಾಕಿ ಆಕೀನ ಮೊದಲು.

೪. ಬೀಡಿಯೊಳಗ

ರವಿವಾರ ಮಧ್ಯಾಹ್ನ ಬೀಡಿಗೆ ಹೋದೆ. ಕವರ್ ಪೂರಾ ತಗದು ತೊಡಿ ಮ್ಯಾಲ ಇಟ್ಕೊಂಡು, ಗಾಡಿ ಹೊರಗ ಕುಂತು ಹೊಲಿಯಾಕ ಹತ್ತಿದೆ. "ಚಾವಿ ತಿರುವವಾ, ಹಂಗ ನೋಡೂಣು," ಅಂದೆ. ಹುಡುಗಿ ತಿರುವಿದ್ಲು.

ಟಿಣ್, ಟಿಣ್.

"ಇಷ್ಟ ಲಗೂನ ಹಾಕಿದ್ರೇನು ಕಾಕಾ?"

"ಇಲ್ಲವಾ. ಕವರ್ ನನ್ನ ತೊಡಿ ಮ್ಯಾಲ ಐತಿ."

ಇಬ್ಬರೂ ಕವರಿಲ್ಲದ ಸೀಟಿನ ಮ್ಯಾಲ ಬಗ್ಗಿ ನೋಡಿದ್ವಿ. ಸಾವ್ಕಾರ್ರು ಗಂಟಿ ಕೇಳಿ ಹೊರಗ ಓಡಿ ಬಂದ್ರು. ಕೈ ಮುಗದು, ಖಾಲಿ ಸೀಟಿಗೆ ಮೆಲ್ಲಕ ಬೆಲ್ಟ್ ಹಾಕಿದ್ರು. ಗಂಟಿ ನಿಂತಿತು. "ನಾಳೆ ಹೋಗವಾ ನೌಕರಿಗೆ, ಇನ್ನ ಚಿಂತಿಲ್ಲ," ಅಂತ ಮಗಳ ತಲಿ ಮ್ಯಾಲ ಕೈ ಇಟ್ರು. ಆಕಿ ಕಣ್ಣಾಗ ನೀರು ಬಂತು. ಅಂಜಿಕಿಗೋ, ಖುಷಿಗೋ ತಿಳೀಲಿಲ್ಲ.

ಕವರ್ ಸಡ್ಲ ಮಾಡೇ ಹಾಕಿದೆ. ಹಿರ್ಯಾರಿಗೆ ಬಿಗಿ ಆಗಬಾರದು.

ಹೊಂಟಾಗ ಹುಡುಗಿ ಅಂದ್ಲು, "ಬರ್ರಿ ಕಾಕಾ, ಬೆಳಗಾವಿ ಮಟ ಬಿಡತೀನಿ."

"ಬ್ಯಾಡವಾ, ನಾ ಬಸ್ಸಿಗೆ ಹೋಗತೀನಿ."

"ಯಾಕ್ರಿ?"

"ಮುಂದ ಜಾಗಾ ಇಲ್ಲಲ್ಲವಾ."