ಬಾವಿಯ ನೀರು ಮತ್ತು ಅತ್ತೆಯ ಬಲಗಣ್ಣು

ಕಲಬುರಗಿಯ ಕಣ್ಣಾಸ್ಪತ್ರೆಯೊಂದರಲ್ಲಿ ದೃಷ್ಟಿ ಪರೀಕ್ಷಿಸುವುದು ನನ್ನ ಉದ್ಯೋಗ. ವಾರಕ್ಕೊಮ್ಮೆ, ಸಂತೆಯ ದಿನ, ಕಮಲಾಪುರದ ಶಿಬಿರಕ್ಕೂ ಹೋಗುತ್ತೇನೆ. ಹಲ್ಲು ನೋವಾದರೆ ಓಣಿಯನ್ನೆಲ್ಲ ಎಬ್ಬಿಸುವ ಜನ, ಕಣ್ಣು ಮಂಜಾದರೆ ಮಾತ್ರ ತಪ್ಪನ್ನು ಯಾರ ಮೇಲೆ ಹೊರಿಸುವುದೆಂದು ಹುಡುಕುತ್ತ ಕೂರುತ್ತಾರೆ. ತಪ್ಪು ಕಣ್ಣಿನದೇ ಇರಬಹುದೆಂದು ಶಂಕಿಸಿದವರನ್ನು ನಾನು ಕಂಡದ್ದು ಅಪರೂಪ. ಕಮಲಾಪುರದಲ್ಲಿರುವ ನನ್ನ ಸೋದರತ್ತೆ, ಅಪ್ಪನ ತಂಗಿ, ಅವರೂ ಇದಕ್ಕೆ ಹೊರತಲ್ಲ.

ಗೂಟದ ಕನ್ನಡಕ

ಅತ್ತೆಯ ಮನೆಯಲ್ಲಿ ಕನ್ನಡಕ ಒಂದೇ. ಬಾಗಿಲ ಪಕ್ಕದ ಗೂಟದಲ್ಲಿ ಕೊಡೆಯ ಜೊತೆ ನೇತಾಡುತ್ತದೆ. ಹೊರಗೆ ಹೊರಟವರು ಹಾಕಿಕೊಂಡು ಹೋಗುತ್ತಾರೆ. ಒಂದು ಸಂತೆಯ ದಿನ ಅತ್ತೆ ಅದನ್ನು ಸೆರಗಿನಿಂದ ಉಜ್ಜುತ್ತ ಶಿಬಿರಕ್ಕೆ ಬಂದರು. ಹಿಂದೆ ಮಾವ, ತಲೆ ತಗ್ಗಿಸಿಕೊಂಡು.

“ನೋಡವಾ, ಮೂರು ದಿನದಿಂದ ಬಲಗಡಿ ಮಬ್ಬ ಮಬ್ಬ ಕಾಣಾಕತ್ತದ. ನಿಮ್ಮ ಮಾವ ಹಾಕ್ಕೊಂಡು ಬಾಳಿ ತ್ವಾಟಕ್ಕ ಹೋಗಿದ್ರು, ಗಾಜು ಕೆಡಿಸ್ಯಾರ!”

“ಚಸ್ಮಾ ತೆಗೆದ್ರ ಹ್ಯಾಂಗ ಕಾಣತದ?”

“ಹಂಗೂ ಮಬ್ಬೇ.”

“ಮತ್ತ ಗಾಜಿಂದೇನು ತಪ್ಪು?”

“ತೆಗೆದ್ರ ಯಾರಿಗಿ ಚಂದ ಕಾಣತದವಾ? ಕಾಣತಿದ್ರ ಚಸ್ಮಾ ಯಾಕ ಬೇಕಿತ್ತು?”

ಕಾಲೇಜಿನಲ್ಲಿ ಅಂಕ ತಂದುಕೊಟ್ಟ ನನ್ನ ತರ್ಕಶಾಸ್ತ್ರ ಅಲ್ಲಿಗೆ ಮುಗಿಯಿತು.

ಬಾಯಿಪಾಠ

ಶಿಬಿರದ ಸರತಿಯಲ್ಲಿ ಮುಂದಿನವರು ಅಕ್ಷರಗಳ ಹಲಗೆಯನ್ನು ಗಟ್ಟಿಯಾಗಿ ಓದುತ್ತಾರೆ. ಹಿಂದಿನವರು ಅದನ್ನು ಕಂಠಪಾಠ ಮಾಡಿಕೊಳ್ಳುತ್ತಾರೆ. ನಪಾಸಾಗುವುದು ಮರ್ಯಾದೆಗೆ ಕಡಿಮೆ! ಅತ್ತೆಯ ಎಡಗಣ್ಣು ಮುಚ್ಚಿ ಓದಿಸಿದೆ. ಮಗ್ಗಿ ಹೇಳಿದಂತೆ ಶುರುವಾಯಿತು. ಅನುಮಾನ ಬಂದು, ಸದ್ದಿಲ್ಲದೆ ಹಲಗೆಯನ್ನು ತಿರುಗಿಸಿದೆ. ಅದರ ಖಾಲಿ ಬೆನ್ನನ್ನು ಅತ್ತೆ ಕೊನೆಯ ಸಾಲಿನವರೆಗೆ ಒಂದೂ ತಪ್ಪಿಲ್ಲದೆ ಓದಿ, “ಪಾಸೇನವಾ?” ಎಂದರು.

ಬಾಟಲಿ

ಗದರಿಸಿದ ಮೇಲೆ ನಿಜ ಹೊರಬಿತ್ತು: ಮೊದಲು ಕಣ್ಣಲ್ಲಿ ಮಿಂಚು ಹೊಡೆದಂತೆ ಬೆಳಕು, ಆಮೇಲೆ ತೇಲುವ ಕಪ್ಪು ಚುಕ್ಕೆಗಳು, ಈಗ ಬದಿಯಿಂದ ಜಾರುತ್ತಿರುವ ಪರದೆ. ಕಣ್ಣಿನ ಒಳಪದರ ಕಳಚುವ ಲಕ್ಷಣವಿದು, ನೋವೇ ಇರುವುದಿಲ್ಲ. ದೃಷ್ಟಿ ಹಠಾತ್ತನೆ ಮಂಜಾದರೆ, ನೋವಿರಲಿ ಬಿಡಲಿ, ಅಂದೇ ವೈದ್ಯರ ಮುಂದೆ ಕೂರಬೇಕು. ಅತ್ತೆ ಮೂರು ದಿನ ಗಾಜು ಒರೆಸುತ್ತ ಕೂತಿದ್ದರು! “ಈಗಿಂದೀಗ ಕಲಬುರಗಿ ಬಸ್ ಹತ್ರಿ, ಇಲ್ಲಂದ್ರ ಬಲಗಣ್ಣು ಹೋಗತದ” ಎಂದೆ.

ಮಾವ ಕೈಚೀಲದಿಂದ ಬಾಟಲಿ ತೆಗೆದರು. “ತ್ವಾಟದ ಬಾವಿ ನೀರವಾ. ನಮ್ಮಪ್ಪನ ಅಪ್ಪ, ಮುತ್ಯಾಗ ಹೋದ ಕಣ್ಣು ಇದರಿಂದ್ಲೇ ಬಂದಾವ. ಐದು ದಿನ ಹಾಕಿ ನೋಡಾಮು.”

“ಕಣ್ಣು ಬಂದದ್ದು ಯಾರು ನೋಡ್ಯಾರ?”

“ಖುದ್ದು ಮುತ್ಯಾನೇ ನೋಡ್ಯಾನ!”

“ಐದು ದಿನ ಕಾದ್ರ ಅತ್ತಿ ಏನೂ ನೋಡಂಗಿಲ್ಲ” ಎಂದು ಇಬ್ಬರನ್ನೂ ಬಸ್ಸಿಗೆ ತಳ್ಳಿ ನಾನೂ ಹತ್ತಿದೆ. ಬಸ್ಸಿನಲ್ಲಿ ನನಗೆ ಕೂರಲು ಜಾಗವಿರಲಿಲ್ಲ. ಕಿಟಕಿಯ ಪಕ್ಕದ ಸೀಟಿನಲ್ಲಿ ಬಾಟಲಿ ಕೂತಿತ್ತು.

ನೋಡಿದವರು

ಮರುದಿನವೇ ಶಸ್ತ್ರಚಿಕಿತ್ಸೆಯಾಯಿತು. ಬಲಗಣ್ಣು ಉಳಿಯಿತು, ಕೆಲವು ವಾರಗಳಲ್ಲಿ ಅತ್ತೆ ಮಾವನ ಅಂಗಿಯ ಕಲೆಗಳನ್ನು ಎಣಿಸುವಷ್ಟು ಸುಧಾರಿಸಿದರು. ಆಸ್ಪತ್ರೆಯಲ್ಲಿದ್ದಷ್ಟು ಹೊತ್ತೂ ಬಾಟಲಿಯ ಮುಚ್ಚಳ ತೆಗೆಯಲು ನಾನು ಬಿಡಲಿಲ್ಲ. ಮನೆಗೆ ಕಳಿಸುವ ದಿನ ನೀರನ್ನೆಲ್ಲ ಅಂಗಳದ ಗಿಡವೊಂದಕ್ಕೆ ನಾನೇ ಸುರಿದೆ.

ಮುಂದೊಂದು ಸಂತೆಯ ದಿನ ನಮ್ಮ ಶಿಬಿರದಲ್ಲಿ ನೊಣ ಮಾತ್ರ ಇತ್ತು. ಬಾಟಲಿ ಹಿಡಿದು ಹೊರಟಿದ್ದ ಅಜ್ಜಿಯೊಬ್ಬರನ್ನು ತಡೆದೆ.

“ಕಣ್ಣಿನ ಕ್ಯಾಂಪ್ ಇಲ್ಲೇ ಅದರೀ. ಎಲ್ಲಿಗಿ ಹೊಂಟೀರಿ?”

“ಬಾಳಿ ತ್ವಾಟದ ಬಾವಿಗಿ. ಆ ತ್ವಾಟದವರ ಮನಿ ಅವ್ವಗ ಹೋದ ಕಣ್ಣು ಬಂದದಂತ ಯವ್ವಾ!”

ನನ್ನ ದನಿ ಸಂತೆಗೆಲ್ಲ ಕೇಳುವಷ್ಟು ಏರಿತು. “ಯಾರು ನೋಡ್ಯಾರ ಅದನ್ನ?”

ಅಜ್ಜಿ ನನ್ನನ್ನು ಕನಿಕರದಿಂದ ನೋಡಿದರು. “ಅಕಿ ಅಣ್ಣನ ಮಗಳು ನೋಡ್ಯಾಳ. ಕಲಬುರಗಿ ದವಾಖಾನ್ಯಾಗ ಇರತಾಳ, ಭಾಳ ಕಲತಾಕಿ. ಬಾಟ್ಲಿ ಪೂರಾ ಖಾಲಿ ಮಾಡಿದ್ದೇ ಅಕಿಯಂತ!”