ಅರ್ಧಚೀಟಿ

ಯಾರಾದರೂ ಎದೆಮಟ್ಟಕ್ಕೆ ಒಂದು ಕಾಗದ ಚಾಚಿದರೆ ಸಾಕು, ಅವನ ಬೆರಳುಗಳು ಅದನ್ನು ಸರಿಯಾಗಿ ನಡುವೆ ಹರಿದು, ಅರ್ಧವನ್ನು ಚಾಚಿದವರಿಗೇ ವಾಪಸು ಕೊಟ್ಟುಬಿಡುತ್ತಿದ್ದವು. ಮೂವತ್ತೊಂದು ವರ್ಷ ಒಂದೇ ಚಿತ್ರಮಂದಿರದ ಬಾಗಿಲಲ್ಲಿ ನಿಂತು ಟಿಕೆಟ್ ಹರಿದ ಬೆರಳುಗಳು. ನಿವೃತ್ತಿಯ ಸುದ್ದಿ ಇನ್ನೂ ಅವಕ್ಕೆ ಮುಟ್ಟಿರಲಿಲ್ಲ. ಎರಡು ವರ್ಷದಲ್ಲಿ ಕರೆಂಟ್ ಬಿಲ್ಲು, ಡಾಕ್ಟರು ಬರೆದ ಔಷಧಿ ಚೀಟಿ, ಷಡ್ಡಕನ ಮಗಳ ಮದುವೆ ಕಾಗದ ಎಲ್ಲ ಹೀಗೇ ಎರಡಾಗಿದ್ದವು. ಷಡ್ಡಕ ಕೈಯಲ್ಲುಳಿದ ಅರ್ಧ ಕಾಗದ ನೋಡುತ್ತ, "ಊಟಕ್ಕಾದ್ರೂ ಪೂರ್ತಿ ಬರ್ತೀಯೇನಪ್ಪಾ?" ಎಂದು ಕೇಳಿದ್ದ. ಬೀದಿಯವರು ಅವನಿಗೆ ಅರ್ಧಚೀಟಿ ಎಂದು ಹೆಸರಿಟ್ಟಿದ್ದರು. ಹೆಂಡತಿ ಮಾತ್ರ ಯಾವ ಕಾಗದವನ್ನೂ ಅವನ ಕೈಗೆ ಕೊಡುತ್ತಿರಲಿಲ್ಲ. "ಮೇಜಿನ ಮೇಲಿಟ್ಟಿದೀನಿ, ಎತ್ಕೊಳ್ಳಿ" ಎನ್ನುತ್ತಿದ್ದಳು.

ಆ ದಿನ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಇರುವಾಗ ಅವನು ಮೇಲಿನ ಮನೆಯ ಮೇಷ್ಟ್ರ ಮುಂದೆ, ಪರೀಕ್ಷೆಗೆ ಕೂತ ಹುಡುಗನ ಹಾಗೆ ಕೂತಿದ್ದ. ಮೇಷ್ಟ್ರು ಒಂಬತ್ತು ವರ್ಷದಿಂದ ಚಿತ್ರೋತ್ಸವ ನೋಡುವವರು. ಕೊರಳಲ್ಲಿ ಪಾಸು ಹಾಕಿಕೊಂಡೇ ಹಲ್ಲುಜ್ಜುತ್ತಾರೆ ಎಂದು ಅವರ ಮನೆಯವರೇ ಹೇಳುತ್ತಿದ್ದರು.

"ಎಂಟಕ್ಕೆ ಬುಕಿಂಗ್ ಶುರು. ಎಂಟೂ ಎರಡಕ್ಕೆ ಖಾಲಿ" ಎಂದು ಮೇಷ್ಟ್ರು ಫೋನನ್ನು ಒರೆಸಿದರು. "ಪಾಸು ಇದ್ದಿದ್ರೆ ಈ ಗೋಳೇ ಇರ್ತಿರ್ಲಿಲ್ಲ. ಇನ್ನೂರು ಚಿತ್ರ ಇದಾವೆ, ನಿಮಗೆ ಆ ಹಳೇದೇ ಯಾಕ್ರೀ?"

"ನೋಡಿಲ್ಲ ಸಾರ್."

"ನಿಮ್ಮ ಥಿಯೇಟರಿನಲ್ಲೇ ಇಪ್ಪತ್ತೈದು ವಾರ ಓಡಿದ್ದು!"

"ಕೇಳಿದೀನಿ. ನೋಡಿಲ್ಲ."

ಅದು ನಿಜ. ಬಾಗಿಲಿಗೂ ಒಳಗಿನ ಕರಿ ಪರದೆಗೂ ನಡುವಿನ ಮೂರಡಿ ಜಾಗದಲ್ಲಿ ನಿಂತು ಅವನು ನೂರಾರು ಚಿತ್ರ ಕೇಳಿದ್ದ. ಈ ಚಿತ್ರದ ಕೊನೆಯಲ್ಲಿ ನಾಯಕಿ ರೈಲು ನಿಲ್ದಾಣದಲ್ಲಿ ನಿಂತಿರುತ್ತಾಳೆ ಎಂದು ಅವನಿಗೆ ಗೊತ್ತು. ಸೀಟಿ ಕೂಗುತ್ತದೆ. ಆಮೇಲೆ ಮೂರು ಸೆಕೆಂಡು ಸದ್ದಿಲ್ಲ. ಆಮೇಲೆ ಇಡೀ ಮಂದಿರ ಒಂದೇ ಸಲಕ್ಕೆ ನಿಟ್ಟುಸಿರು ಬಿಡುತ್ತದೆ. ಅವಳು ರೈಲು ಹತ್ತಿದಳೋ ಇಲ್ಲವೋ ಅವನು ನೋಡಿರಲಿಲ್ಲ. ಆ ಹೊತ್ತಿಗೆ ಹೊರಗಿನ ಬಾಗಿಲುಗಳ ಕೊಂಡಿ ಬಿಚ್ಚಬೇಕಿತ್ತು. ಇಪ್ಪತ್ತೈದು ವಾರ, ದಿನಕ್ಕೆ ಮೂರು ನಿಟ್ಟುಸಿರು. ಯಾಕೆಂದು ಕೇಳಲು ನಾಚಿಕೆ.

ಮೇಷ್ಟ್ರಿಗೆ ಹೇಳದ ಇನ್ನೊಂದು ಕಾರಣವೂ ಇತ್ತು. ಆ ಚಿತ್ರದ ಹದಿನೆಂಟನೇ ವಾರ, ಮದುವೆಯಾದ ಮೂರನೇ ತಿಂಗಳು, ಹೊಸ ಹೆಂಡತಿ ಬಟ್ಟೆ ಇಸ್ತ್ರಿ ಮಾಡಿಕೊಂಡು ಚಿತ್ರಕ್ಕೆ ಬರುವಷ್ಟರಲ್ಲಿ ಐದು ನಿಮಿಷ ತಡವಾಗಿತ್ತು. ಬೆನ್ನ ಹಿಂದೆ ಮ್ಯಾನೇಜರು ನಿಂತಿದ್ದ. ಎಲ್ಲರಿಗೂ ಹೇಳುವ ಮಾತನ್ನೇ ಅರ್ಧಚೀಟಿ ಅವಳಿಗೂ ಹೇಳಿದ: "ಬೆಳಕು ಆರಿದೆ. ಬಾಗಿಲು ತೆಗೆಯೋಕಾಗಲ್ಲ." ಅವಳು ಮನೆಗೆ ಹೋದಳು. ರಾತ್ರಿ ಏನೂ ಆಗದವಳಂತೆ ಬಡಿಸಿದಳು. ಆಮೇಲೆ ಒಮ್ಮೆಯೂ ಆ ಚಿತ್ರಮಂದಿರಕ್ಕೆ ಕಾಲಿಡಲಿಲ್ಲ, ಒಮ್ಮೆಯೂ ಆ ಮಾತೆತ್ತಲಿಲ್ಲ. ಮರೆತಿರಬೇಕು ಎಂದುಕೊಂಡು ಅವನು ಮೂವತ್ತು ವರ್ಷ ಕಳೆದಿದ್ದ. ಆದರೂ ಚಿತ್ರೋತ್ಸವದ ಪಟ್ಟಿಯಲ್ಲಿ ಆ ಹೆಸರು ಕಂಡಾಗ, ಅದೂ ತನ್ನದೇ ಚಿತ್ರಮಂದಿರದಲ್ಲಿ, ಸಂಜೆ ನಾಲ್ಕಕ್ಕೆ, ಒಂದೇ ಒಂದು ಪ್ರದರ್ಶನ ಎಂದು ಕಂಡಾಗ, ಬಾಯಿ ತಾನೇ ಹೇಳಿಬಿಟ್ಟಿತ್ತು: "ಇಬ್ಬರೂ ಹೋಗೋಣ್ವಾ? ಪಕ್ಕಪಕ್ಕದಲ್ಲಿ ಕೂತು?" ಹೆಂಡತಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಅವನನ್ನು ನೋಡಿದ್ದಳು. "ನೀವು ಕೂರ್ತೀರಾ?" ಅಷ್ಟೇ ಕೇಳಿದ್ದು.

ಎಂಟು ಹೊಡೆಯಿತು. ಫೋನು, ನೀವು ಮನುಷ್ಯರೇ ಎಂದು ಕೇಳಿತು. ಹೌದಾದರೆ ಬಾಗಿಲುಗಳಿರುವ ಚಿತ್ರಗಳನ್ನೆಲ್ಲ ಒತ್ತಬೇಕಂತೆ.

"ಇದೊಂದು, ಇದೊಂದು, ಇದೊಂದು" ಎಂದು ಮೇಷ್ಟ್ರು ಬೆರಳೆತ್ತಿದರು.

"ಅದು ಬಾಗಿಲಲ್ಲ ಸಾರ್, ಬರೀ ಚೌಕಟ್ಟು. ಕೀಲು ಎಲ್ಲಿದೆ ತೋರಿಸಿ."

"ರೀ, ಟೈಮ್ ಹೋಗ್ತಿದೆ!"

"ಹೋಗ್ಲಿ ಸಾರ್, ಸುಳ್ಳು ಹೇಳಬಾರ್ದು. ಇದು ಕಿಟಕಿ."

ಅವನು ಹೇಳಿದ್ದೇ ಸರಿಯಾಗಿತ್ತು. ಬಾಗಿಲಿನ ವಿಷಯದಲ್ಲಿ ಅವನನ್ನು ಮೀರಿಸುವ ಯಂತ್ರ ಇನ್ನೂ ಹುಟ್ಟಿರಲಿಲ್ಲ. ಕೊನೆಯ ಕೆಲವೇ ಕುರ್ಚಿಗಳಲ್ಲಿ ಎರಡು ಸಿಕ್ಕವು: ಎಫ್ ಹದಿಮೂರು, ಎಫ್ ಹದಿನಾಲ್ಕು. ಮೇಷ್ಟ್ರು ನಿಯಮ ಓದಿದರು: "ಹತ್ತು ನಿಮಿಷ ಮೊದಲು ಬಂದು ಕೂರದಿದ್ದರೆ ಕುರ್ಚಿ ಹೊರಗೆ ಕಾಯ್ತಿರೋರಿಗೆ. ಬೆಳಕು ಆರಿದ ಮೇಲೆ ಪ್ರವೇಶವಿಲ್ಲ."

"ಒಳ್ಳೇ ನಿಯಮ" ಎಂದ ಅರ್ಧಚೀಟಿ, ಮನಸಾರೆ.

ಫೋನನ್ನು ನಂಬಬಾರದು ಎಂದು ಮೇಷ್ಟ್ರು ಟಿಕೆಟ್‌ಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದು, ಬುದ್ಧಿವಂತಿಕೆಯಿಂದ ಅವನ ಹೆಂಡತಿಯ ಕೈಗೆ ಕೊಟ್ಟರು. ಕಾಗದದ ನಟ್ಟನಡುವೆ, ಇರುವೆಗಳು ಸಾಲು ತಪ್ಪಿದಂತೆ ಕಪ್ಪು ಚುಕ್ಕೆಗಳ ಒಂದು ಚೌಕ ಇತ್ತು. "ಈ ಚೌಕವೇ ಟಿಕೆಟ್ಟು. ಮಿಕ್ಕಿದ್ದೆಲ್ಲ ಬರೀ ಕಾಗದ" ಎಂದರು.

ಮಧ್ಯಾಹ್ನ ಎರಡೂವರೆಗೇ ಮೂವರೂ ಸಾಲಿನಲ್ಲಿದ್ದರು. ಹೆಂಡತಿ ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದಳು. ಅರ್ಧಚೀಟಿ ಮನೆ ತೋರಿಸುವ ಮದುಮಗನಂತೆ ಸುತ್ತಲೂ ಕೈ ತೋರುತ್ತಿದ್ದ. "ಆ ಕಂಬಕ್ಕೆ ಒರಗಿಕೊಂಡು ಊಟ ಮಾಡ್ತಿದ್ದೆ. ಆ ಪಕ್ಕದ ಬಾಗಿಲು ನೋಡು, ಒಳಗಿಂದ ಮಾತ್ರ ತೆಗೆಯುತ್ತೆ, ಹೊರಗಿಂದ ಜಪ್ಪಯ್ಯ ಅಂದ್ರೂ ಇಲ್ಲ. ಕದ್ದು ನುಗ್ತಾರೆ ಅಂತ ನಾನೇ ಹೇಳಿ ಹಾಕಿಸಿದ್ದು."

"ಜಂಬ ನೋಡು" ಎಂದಳು ಹೆಂಡತಿ. ಆದರೆ ನಕ್ಕಳು.

ಮುಕ್ಕಾಲು ಗಂಟೆ ನಿಂತ ಮೇಲೆ ಅದು ಪಾಸು ಇರುವವರ ಸಾಲು ಎಂದು ತಿಳಿಯಿತು. ಮೇಷ್ಟ್ರು ಒಂಬತ್ತು ವರ್ಷದ ಅನುಭವದಿಂದ ಅವರನ್ನು ಅಲ್ಲಿ ನಿಲ್ಲಿಸಿದ್ದರು. "ನಾನು ಒಳಗಿರ್ತೀನಿ, ಹೆದರ್ಬೇಡಿ" ಎಂದು ಅವರು ಹೋದರು. ಗಂಡಹೆಂಡತಿ ಇನ್ನೊಂದು ಸಾಲಿನ ಬಾಲಕ್ಕೆ ಓಡಿದರು. ಅದು ಕಟ್ಟಡವನ್ನು ಒಂದು ಸುತ್ತು ಹಾಕಿ, ಪಾರ್ಕಿಂಗಿನಲ್ಲಿ ಸುಳಿದು, ನಡುನಡುವೆ ತನಗೇ ಎದುರಾಗುತ್ತಿತ್ತು. ಬಾಗಿಲು ಮುಟ್ಟಿದಾಗ ಮೂರೂ ಮುಕ್ಕಾಲು.

ಅದೇ ಬಾಗಿಲು. ಅದೇ ಹಿತ್ತಾಳೆ ಹಿಡಿ, ಅವನ ಅಂಗೈ ಸವೆಸಿದ್ದು. ಅಲ್ಲೀಗ ಟಿಕೆಟ್ ಓದುವ ಯಂತ್ರ ಹಿಡಿದ ಹುಡುಗಿಯೊಬ್ಬಳು ನಿಂತಿದ್ದಳು.

"ಟಿಕೆಟ್?"

ಹೆಂಡತಿಯ ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಬ್ಯಾಗು. ಹಿಂದಿನವರು ದೂಡುತ್ತಿದ್ದರು. ಮೂವತ್ತು ವರ್ಷದ ಎಚ್ಚರ ಒಂದು ಗಳಿಗೆ ತಪ್ಪಿತು. ಎರಡು ಕಾಗದ ಎಳೆದು, "ತಗೊಳ್ಳಿ" ಎಂದು ಗಂಡನತ್ತ ಚಾಚಿದಳು. ಆ ಬಾಗಿಲ ಮುಂದೆ, ಎದೆಮಟ್ಟಕ್ಕೆ.

ಚರ್ರ್. ಚರ್ರ್.

"ಎಡಗಡೆ, ಮೆಟ್ಟಿಲು ಹತ್ತಿ" ಎಂದ ಅವನು, ಎರಡು ಅರ್ಧಗಳನ್ನು ಅವಳಿಗೆ ಹಿಂದಿರುಗಿಸುತ್ತ.

ಹುಡುಗಿ ಬಾಯಿ ತೆರೆದು ನಿಂತಳು. ಅವನು ಮಾತ್ರ ತನ್ನ ಬೆರಳುಗಳನ್ನು, ಬೀದಿಯಲ್ಲಿ ಮಾನ ಕಳೆದ ಮಕ್ಕಳನ್ನು ನೋಡುವಂತೆ ನೋಡಿದ.

"ಅಜ್ಜಾ, ಯಾಕ್ ಹರಿದ್ರಿ?"

"ನಾನಲ್ಲಮ್ಮ" ಎಂದ. ಅದು ಒಂದು ರೀತಿಯಲ್ಲಿ ನಿಜವೂ ಆಗಿತ್ತು.

ಹುಡುಗಿ ಒಳ್ಳೆಯವಳು. ಟೇಪು ತಂದು ಅಂಟಿಸಿದಳು. ಹೆಂಡತಿಯ ಚೌಕ ಕೂಡಿಕೊಂಡಿತು. ಯಂತ್ರ ಹಕ್ಕಿಯಂತೆ ಕೂಗಿ ಹಸಿರಾಯಿತು. ಅವನದು ಎಷ್ಟು ಸಲ ತೋರಿಸಿದರೂ ಕೆಂಪು. ಸಹಾಯ ಕೇಂದ್ರಕ್ಕೆ ಹೋಗಬೇಕಂತೆ.

"ನೀನು ಹೋಗಿ ಕೂತಿರು, ನಾನು ಬಂದೆ."

"ನಿಮ್ಮ 'ಬಂದೆ' ನಂಗೊತ್ತಿಲ್ವಾ?"

"ಬಂದೆ ಅಂದ್ರೆ ಬಂದೆ ಕಣೇ."

ಅವಳು ಟೇಪು ಹಚ್ಚಿದ ಕಾಗದ ಹಿಡಿದು ಒಳಗೆ ಹೋದಳು. ಎರಡು ಸಲ ತಿರುಗಿ ನೋಡಿದಳು.

ಸಹಾಯ ಕೇಂದ್ರದಲ್ಲಿ ಸಹಾಯ ಬೇಕಾದವರದೇ ಒಂದು ಸಾಲು. ವಾಕಿಟಾಕಿ ಹಿಡಿದ ಮೇಡಂ, ಬುಕ್ ಮಾಡಿದ ಫೋನು ತನ್ನಿ ಎಂದರು. ಫೋನು ಮೇಷ್ಟ್ರದು; ಮೇಷ್ಟ್ರು ಒಳಗೆ, ನಿಯಮದಂತೆ ಅದನ್ನು ಆರಿಸಿ ಕೂತಿದ್ದರು. ಗಡಿಯಾರ ಮೂರೂ ಐವತ್ತೆರಡು ತೋರಿಸುತ್ತಿತ್ತು. "ನಿಮ್ಮ ಎಫ್ ಹದಿಮೂರು ಆಗ್ಲೇ ಬೇರೆಯವರಿಗೆ ಹೋಯ್ತು ಯಜಮಾನ್ರೇ."

"ಅಮ್ಮಾ, ಮೂವತ್ತೊಂದು ವರ್ಷ ಆ ಬಾಗಿಲಲ್ಲಿ ಟಿಕೆಟ್ ಹರಿದೋನು ನಾನು. ಒಂದೇ ಒಂದು ಸಲ ಒಳಗೆ ಬಿಡಿ."

ಮೇಡಂ ತಲೆ ಎತ್ತಿದರು. ಆ ಮುಖದಲ್ಲಿ ಕರುಣೆ ಕಂಡಿತೆಂದು ಅವನು ಭಾವಿಸಿದ, ಕಂಡದ್ದು ಲೆಕ್ಕಾಚಾರ. ಬೆಳಗಿನಿಂದ ಮೂರು ಜನ ಸ್ವಯಂಸೇವಕರು ಕೆಲಸ ಬಿಟ್ಟು ಸಿನಿಮಾ ನೋಡಲು ಹೋಗಿದ್ದರು. "ಇದು ಹಾಕ್ಕೊಳ್ಳಿ" ಎಂದು ಒಂದು ಬ್ಯಾಡ್ಜು ಅವನ ಕೊರಳಿಗೇ ಹಾಕಿದರು. "ಯಾರೂ ತಡೆಯಲ್ಲ. ಹಿಂದೆ ನಿಂತು ನೋಡಿ."

ಅವನು ಓಡಿದ. ಬಾಗಿಲಲ್ಲಿ ಆ ಹುಡುಗಿ ಒಂದು ಕಾಲ ಮೇಲೆ ಕುಣಿಯುತ್ತಿದ್ದಳು. "ಅಜ್ಜಾ, ಬ್ಯಾಡ್ಜು ಸಿಕ್ತಾ? ಎರಡೇ ನಿಮಿಷ ನೋಡ್ಕೊಳ್ಳಿ, ಬಾತ್‌ರೂಮಿಗೆ ಹೋಗಿ ಬರ್ತೀನಿ." ಹೋದವಳು ಹೋದಳು.

ಬೆಳಕು ಆರಿತು. ಅವನ ಕೈ ಬಾಗಿಲೆಳೆದು ಅಗುಳಿ ಹಾಕಿತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಮತ್ತೆ ಆ ಮೂರಡಿ ಜಾಗ. ಮುಂದೆ ಕರಿ ಪರದೆ, ಅದರಾಚೆ ಸಂಗೀತ ಏಳುತ್ತಿದೆ. ಹುಡುಗಿ ಈಗ ಬಂದಾಳು ಎಂದು ಅವನು ಪರದೆಯ ಅಂಚಿಗೆ ಬೆರಳಿಟ್ಟುಕೊಂಡು ಕಾದ. ಬಂದದ್ದು ತಡವಾದವರು. ಬಾಗಿಲು ದಬದಬ ಎಂದಿತು.

"ಬೆಳಕು ಆರಿದೆ. ಬಾಗಿಲು ತೆಗೆಯೋಕಾಗಲ್ಲ."

"ನಾನು ಯಾರು ಗೊತ್ತೇನ್ರೀ?"

"ಕತ್ತಲಲ್ಲಿ ಎಲ್ಲರೂ ಒಂದೇ ಸ್ವಾಮಿ."

ಇನ್ನೊಬ್ಬ, ತಾನು ವಿಮರ್ಶಕ, ಮೊದಲ ಹತ್ತು ನಿಮಿಷ ನೋಡದೆಯೂ ಬರೆಯಬಲ್ಲೆ ಎಂದ. "ಹಾಗಾದ್ರೆ ಪೂರ್ತಿ ನೋಡದೆಯೇ ಬರೀರಿ" ಎಂದ ಅರ್ಧಚೀಟಿ. ತನ್ನ ಹಳೆಯ ಗಂಟಲು ಇನ್ನೂ ಇದೆ ಎಂದು ಅವನಿಗೆ ಸ್ವಲ್ಪ ಖುಷಿಯೂ ಆಯಿತು. ಆಮೇಲೆ ವಾದ್ಯಗಳೆಲ್ಲ ಒಟ್ಟಿಗೆ ಮೊರೆಯುವ ಹೊತ್ತಿನಲ್ಲಿ ಬಾಗಿಲು ಎರಡು ಸಲ ಮೆಲ್ಲಗೆ ಸದ್ದು ಮಾಡಿತು. ಅವನು ಅದಕ್ಕೂ ಅದೇ ಮಾತು ಹೇಳಿದ. ಆಮೇಲೆ ಯಾರೂ ತಟ್ಟಲಿಲ್ಲ.

ಪರದೆ ಸರಿಸಿ ಒಳಗೆ ಹೋಗಬಹುದಿತ್ತು. ಬಾಗಿಲು ಬಿಟ್ಟು ಹೋಗುವುದು ಅವನಿಗೆ ಬರುತ್ತಿರಲಿಲ್ಲ. ಹೋಗಲಿ, ಅವಳಾದರೂ ಕೂತಿದ್ದಾಳಲ್ಲ ಎಂದುಕೊಂಡ. ಮೂವತ್ತು ವರ್ಷ ಊಟದ ಹೊತ್ತಿಗೆ ತಾನು ಅವಳಿಗೆ ತುಂಡುತುಂಡು ಕತೆ ಹೇಳಿದ್ದ. ಇಂದು ಅವಳು ಹೇಳುತ್ತಾಳೆ, ಮೊದಲಿಂದ ಕೊನೆತನಕ. ತಾನು ಕೇಳಿದರಾಯಿತು. ಕೇಳುವುದರಲ್ಲಿ ತನಗೆ ಅಭ್ಯಾಸವಿದೆ.

ಸೀಟಿ ಕೂಗಿತು. ಮೂರು ಸೆಕೆಂಡು. ನಿಟ್ಟುಸಿರು.

ಅವನು ಅಗುಳಿ ತೆಗೆದ. ಜನ ಮೂಗೊರೆಸುತ್ತ ಹೊರಬಂದರು. ಮೇಷ್ಟ್ರೂ ಬಂದರು, ಕೆನ್ನೆಯ ಮೇಲೆ ಕುರ್ಚಿಯ ಕೈಯ ಅಚ್ಚು ಮೂಡಿಸಿಕೊಂಡು.

"ಸಾರ್, ಅವಳು ರೈಲು ಹತ್ತಿದ್ಳಾ?"

"ಅದು..." ಮೇಷ್ಟ್ರು ಆಕಳಿಕೆ ನುಂಗಿದರು. "ಅದನ್ನ ಅವರವರ ಭಾವನೆಗೆ ಬಿಟ್ಟಿದಾರೆ."

ಎಲ್ಲರೂ ಹೋದರು. ಎಫ್ ಹದಿನಾಲ್ಕು ಬರಲಿಲ್ಲ. ಅವನು ಒಳಗೆ ಹೋಗಿ ನೋಡಿದ. ಕುರ್ಚಿ ಮಡಚಿಕೊಂಡಿತ್ತು. ಹೊರಗೆ ಓಡಿಬಂದ.

ಬಾಗಿಲಿಂದ ನಾಲ್ಕು ಹೆಜ್ಜೆ ದೂರದ ಬೆಂಚಿನ ಮೇಲೆ ಅವಳು ಕೂತಿದ್ದಳು. ಮಡಿಲಲ್ಲಿ ನೀರಿನ ಬಾಟಲಿ.

"ಇಲ್ಯಾಕೆ ಕೂತಿದೀಯ?"

"ನಿಮ್ಮ ಕುರ್ಚಿಗೆ ಯಾರೋ ಬಂದು ಕೂತ. ಇದು ನಮ್ಮನೆಯವರದು ಅಂದ್ರೆ ನಕ್ಕ. ನೀವು ಎಲ್ಲಿ ಸಿಕ್ಕಿಹಾಕ್ಕೊಂಡ್ರೋ ಅಂತ ಹುಡುಕೋಕೆ ಬಂದೆ. ಆ ಪಕ್ಕದ ಬಾಗಿಲಿಂದ." ಅವಳು ಕೈ ತೋರಿದಳು. "ಒಳ್ಳೇ ಬಾಗಿಲು. ವಾಪಸು ಹೋಗೋಣ ಅಂದ್ರೆ ಜಪ್ಪಯ್ಯ ಅಂದ್ರೂ ತೆಗೀಲಿಲ್ಲ. ಆಮೇಲೆ ಈ ಕಡೆ ಬಂದು ತಟ್ಟಿದೆ. ಎರಡು ಸಲ."

ಅವನಿಗೆ ಆ ಎರಡು ಮೆಲ್ಲನೆಯ ಸದ್ದು ಈಗ ಮತ್ತೆ ಕೇಳಿಸಿತು.

"ನಾನು ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ತೆಗೀತಿದ್ರಾ?"

ತೆಗೆಯುತ್ತಿದ್ದೆ ಎನ್ನಲು ಅವನು ಬಾಯಿ ತೆರೆದ. ಮಾತು ಬರುವುದು ಸ್ವಲ್ಪ ತಡವಾಯಿತು. ಅವಳು ಅಷ್ಟರಲ್ಲಿ ತಲೆಯಾಡಿಸಿ, ಎದ್ದು, ಬಟ್ಟೆಯ ಸುಕ್ಕು ಸರಿಮಾಡಿಕೊಂಡು ನಡೆದಳು.

ವಾಕಿಟಾಕಿ ಮೇಡಂ ಅಡ್ಡ ಬಂದು, "ಏನ್ ಡ್ಯೂಟಿ ಯಜಮಾನ್ರೇ! ನಾಳೆನೂ ಬರ್ಬೇಕು" ಎಂದು ಒಂದು ಕಾಗದ ಚಾಚಿದರು. ಚರ್ರ್. ಕೈಯಲ್ಲುಳಿದ ಅರ್ಧ ನೋಡಿ ಅವರು, "ಸರಿ, ಅರ್ಧ ದಿನಾನೇ ಬನ್ನಿ" ಎಂದರು. ಅವನು ಕೇಳಿಸಿಕೊಳ್ಳಲಿಲ್ಲ. ಹೆಂಡತಿ ಆಗಲೇ ರಸ್ತೆ ದಾಟುತ್ತಿದ್ದಳು.

ಮನೆಯವರೆಗೂ ಅವಳು ಹತ್ತು ಹೆಜ್ಜೆ ಮುಂದೆ. ಕೊನೆಯ ತಿರುವಿನಲ್ಲಿ ಅವನು ಚಪ್ಪಲಿ ಸರಿಮಾಡಿಕೊಳ್ಳಲು ನಿಂತ. ಬಂದು ನೋಡಿದರೆ ಬಾಗಿಲು ಹಾಕಿತ್ತು. ಮುಸ್ಸಂಜೆ. ಕಿಟಕಿಯಲ್ಲಿ ಬೆಳಕಿರಲಿಲ್ಲ.

ಅವನು ಎರಡು ಸಲ ಮೆಲ್ಲಗೆ ತಟ್ಟಿದ.

"ಬೆಳಕು ಆರಿದೆ" ಎಂದಿತು ಒಳಗಿನ ದನಿ. "ಬಾಗಿಲು ತೆಗೆಯೋಕಾಗಲ್ಲ."

ಅಕ್ಷರಕ್ಕೆ ಅಕ್ಷರ ಅದೇ ಮಾತು. ಎಳೆತ, ನಿಲುಗಡೆ ಎಲ್ಲ ಅವನದೇ. ಒಂದು ಸಂಜೆಯಲ್ಲಿ ಕಲಿತದ್ದಲ್ಲ.

ಮಹಡಿಯ ಕಿಟಕಿಯಿಂದ ಮೇಷ್ಟ್ರು ಬಗ್ಗಿ, "ಏನ್ರೀ, ಒಳಗೆ ಬಿಡ್ತಿಲ್ವಾ? ಪಾಸು ಇರಬೇಕಿತ್ತು" ಎಂದರು.

ಅವನು ಮೆಟ್ಟಿಲ ಮೇಲೆ ಕೂತು, ಬಾಗಿಲಿಗೆ ಕಿವಿ ಕೊಟ್ಟ. ನಲ್ಲಿ ತಿರುಗಿದ ಸದ್ದು. ಪಾತ್ರೆ ಇಟ್ಟ ಸದ್ದು. ಆಮೇಲೆ ಸದ್ದಿಲ್ಲ. ಒಂದು, ಎರಡು, ಮೂರು ಎಂದು ಅವನು ಎಣಿಸಿದ. ಆಮೇಲೆ ಒಂದು ನಿಟ್ಟುಸಿರು.

ಈ ಸಲ ಅದು ಯಾಕೆ ಎಂದು ಅವನು ಯಾರನ್ನೂ ಕೇಳಬೇಕಿರಲಿಲ್ಲ.