ಸಾಕಪ್ಪನವರು ಸೋಫಾ ಇಳಿಸಿದ್ದು

"ನನ್ನ ಮನೇಲಿ ಬೇಡದ ವಸ್ತು ಅಂತ ಒಂದೂ ಇಲ್ಲ ಮೇಡಂ! ಮಿತವಾಗಿ ಬದುಕಿದ್ರೆ ಮನುಷ್ಯ ಸಣ್ಣವನಾಗಲ್ಲ, ಅವನ ಬದುಕು ದೊಡ್ಡದಾಗತ್ತೆ!" ಎಂದು ಹೆಡ್ ಕ್ಲರ್ಕರು ಹೊಸದಾಗಿ ಬಂದ ಮೇಲಧಿಕಾರಿಯ ಮುಂದೆ ಘೋಷಿಸಿದ ಆ ಘಳಿಗೆಯಲ್ಲಿ, ಅವರ ನಡುಮನೆಯಲ್ಲಿ ಮೂರು ಜನ ಕೂರುವ ಸೋಫಾವೊಂದು ಯಾರ ಗೊಡವೆಯೂ ಇಲ್ಲದೆ ಹಾಯಾಗಿತ್ತು. ಅದರ ನೆನಪು ಅವರಿಗೆ ಆಗ ಬರಲಿಲ್ಲ.

ಹೆಡ್ ಕ್ಲರ್ಕರನ್ನು ಕಚೇರಿಯವರೆಲ್ಲ ಬೆನ್ನ ಹಿಂದೆ ಸಾಕಪ್ಪ ಎಂದು ಕರೆಯುತ್ತಿದ್ದರು. ಟೀ ಲೋಟ ಅರ್ಧ ತುಂಬುವಷ್ಟರಲ್ಲಿ "ಸಾಕಪ್ಪ" ಎನ್ನುವುದು, ಫ್ಯಾನು ತಿರುಗಲು ಶುರುಮಾಡುವಷ್ಟರಲ್ಲಿ "ಸಾಕಪ್ಪ" ಎನ್ನುವುದು ಅವರ ಅಭ್ಯಾಸ. ಒಮ್ಮೆ ಸಭೆಯಲ್ಲಿ ಜನ ಚಪ್ಪಾಳೆ ತಟ್ಟಿದಾಗಲೂ "ಸಾಕಪ್ಪ" ಅಂದುಬಿಟ್ಟರು ಎಂದು ಹೇಳುವವರಿದ್ದಾರೆ. ಅದು ಮಾತ್ರ ಶುದ್ಧ ಸುಳ್ಳು. ಅವರಿಗೆ ಯಾರೂ ಚಪ್ಪಾಳೆ ತಟ್ಟಿದ್ದೇ ಇಲ್ಲ.

ಅದೇ ಅವರ ಒಳಗಿನ ನೋವು. ವಾರ್ಷಿಕ ಸಭೆ ಬಂತೆಂದರೆ ಕುರ್ಚಿ ಹಾಕಿಸುವವರು ಅವರು, ಮೈಕಿನ ಮುಂದೆ ನಿಂತು "ಹಲೋ, ಹಲೋ, ಚೆಕ್" ಎನ್ನುವವರು ಅವರು. ಮೈಕು ಸರಿಯಿದೆ ಎಂದು ಖಾತ್ರಿಯಾದ ಕೂಡಲೇ ವೇದಿಕೆಯಿಂದ ಇಳಿದು, ಕೊನೆಯ ಸಾಲಿನಲ್ಲಿ ಕೂತು ಬೇರೆಯವರ ಭಾಷಣ ಕೇಳುವವರೂ ಅವರೇ. ಈ ಸಲ ಸಭೆಯ ವಿಷಯ ಸರಳ ಬದುಕು. ಇಷ್ಟು ವರ್ಷ ಅರ್ಧ ಲೋಟ ಟೀ ಕುಡಿದದ್ದು ಸಾರ್ಥಕವಾಯಿತು ಎಂದು ಅವರು ಮೇಡಂ ಕೋಣೆಗೆ ನುಗ್ಗಿದ್ದರು.

"ಭಾಷಣ ಯಾರು ಬೇಕಾದ್ರೂ ಮಾಡ್ತಾರೆ. ಬದುಕಿ ತೋರಿಸೋರು ಬೇಕು ನಂಗೆ," ಎಂದರು ಮೇಡಂ. "ಭಾನುವಾರ ನಿಮ್ಮ ಮನೆಗೆ ಬರ್ತೀನಿ. ನೀವು ಹೇಳಿದ ಹಾಗೇ ಇದ್ರೆ, ಮೈಕು ನಿಮ್ದೇ."

ಮೈಕು ನಿಮ್ದೇ! ಆ ಖುಷಿಯಲ್ಲಿ ಸಾಕಪ್ಪನವರು ಬಸ್ಸು ಹತ್ತುವುದನ್ನೇ ಮರೆತು ನಡೆದೇ ಮನೆಗೆ ಬಂದರು. ಅರ್ಧ ದಾರಿಯಲ್ಲಿ ಅದು ಗೊತ್ತಾಗಿ, ಅದನ್ನೂ ಸರಳ ಬದುಕಿಗೆ ಸೇರಿಸಿಕೊಂಡರು. ಮೂರನೇ ಮಹಡಿ ಹತ್ತಿ ಬಾಗಿಲು ತೆಗೆದರೆ ಎದುರಿಗೆ ಸೋಫಾ. ಅದರ ಮೇಲೆ ಹೆಂಡತಿ. ಆಕೆ ಆಸ್ಪತ್ರೆಯಲ್ಲಿ ನರ್ಸ್. ದಿನವಿಡೀ ನಿಂತು ಬಂದು, ಕಾಲು ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ್ದಳು.

"ಇದು ಹೋಗ್ಬೇಕು," ಎಂದರು ಸಾಕಪ್ಪನವರು.

"ನಾನಾ?"

"ಸೋಫಾ ಕಣೇ!"

"ಹೋದ್ರೆ ನಾನೆಲ್ಲಿ ಕೂರ್ಲಿ?"

"ನೆಲ ಇಲ್ವಾ? ನೆಲಕ್ಕಿಂತ ಗಟ್ಟಿಯಾದ ಆಸನ ಎಲ್ಲಿದೆ ಹೇಳು!"

"ಗಟ್ಟಿ ಅಂತಾನೇ ಕೇಳಿದ್ದು."

ಸಾಕಪ್ಪನವರು ನಡುಮನೆಯ ಮಧ್ಯಕ್ಕೆ ಬಂದು, ಎದುರಿಗೆ ಮೈಕು ಇದೆಯೆಂದೇ ಭಾವಿಸಿ, ಮಿತವ್ಯಯದ ಮೇಲೆ ಮಾತು ಆರಂಭಿಸಿದರು. ವಸ್ತುವಿನಲ್ಲಿ ಮಿತ, ಊಟದಲ್ಲಿ ಮಿತ, ಎಲ್ಲಕ್ಕಿಂತ ಹೆಚ್ಚಾಗಿ ಮಾತಿನಲ್ಲಿ ಮಿತ! ಒಲೆಯ ಮೇಲಿದ್ದ ಅನ್ನ ತಳ ಹಿಡಿದ ವಾಸನೆ ಬರುವವರೆಗೆ ಮಾತಿನ ಮಿತವನ್ನು ವಿವರಿಸಿ, ಕೊನೆಗೆ ಅಪ್ಪಣೆ ಕೊಡಿಸಿದರು. "ಇವತ್ತಿಂದ ಈ ಮನೇಲಿ ಒಂದು ಮಾತೂ ದಂಡ ಆಗ್ಬಾರ್ದು. ನಾನು ಕೇಳಿದ್ರೆ ಮಾತ್ರ ನೀನು ಹೇಳು."

ಹೆಂಡತಿ ಹೇಳಲಿಲ್ಲ. ಅವರು ಕೇಳಿರಲಿಲ್ಲ.

ಹಳೇ ಸಾಮಾನಿನ ವ್ಯಾಪಾರಿ ಮಾರನೆಯ ದಿನವೇ ಗಾಡಿ ತಂದು ಕಟ್ಟಡದ ಮುಂದೆ ನಿಲ್ಲಿಸಿದ. ಅವನ ಆಳುಗಳು ಮೇಲೆ ಬರಬೇಕಾದರೆ ಕೂಲಿ ಬೇರೆ. ಕೂಲಿ! ಸರಳ ಬದುಕಿನ ಮೊದಲ ಹೆಜ್ಜೆಯಲ್ಲೇ ಕೂಲಿ! ಸಾಕಪ್ಪನವರು ನೆಲಮಹಡಿಯ ಟೈಲರನ್ನು ಕರೆತಂದರು. ಟೈಲರು ಕೊರಳ ಟೇಪು ತೆಗೆದು ಸೋಫಾ ಅಳೆದ, ಮೆಟ್ಟಿಲು ಅಳೆದ, "ಧಾರಾಳವಾಗಿ ಹೋಗತ್ತೆ ಸಾರ್" ಎಂದ. ಅವನು ಹೊಲಿದ ಪ್ಯಾಂಟು ತೊಟ್ಟವರು ಯಾರೂ ಈ ಮಾತು ನಂಬುತ್ತಿರಲಿಲ್ಲ. ಸಾಕಪ್ಪನವರು ಪ್ಯಾಂಟು ಹೊಲಿಸಿ ಬಹಳ ಕಾಲವಾಗಿತ್ತು.

ಇಬ್ಬರೂ ಎರಡು ತುದಿ ಹಿಡಿದು ಬಾಗಿಲು ದಾಟಿದಾಗ ಹೆಂಡತಿ ಹಿಂದಿನಿಂದ, "ರೀ, ಒಂದು ಮಾತು..." ಎಂದಳು.

"ನಾನು ಕೇಳಿದ್ನಾ?"

"ಇಲ್ಲ."

"ಮತ್ತೆ?"

ಆಕೆ ಒಳಗೆ ಹೋದಳು.

ಮೂರನೇ ಮಹಡಿಗೂ ಎರಡನೇ ಮಹಡಿಗೂ ನಡುವೆ ಮೆಟ್ಟಿಲು ತಿರುಗುವ ಕಡೆ ಕಿಟಕಿಯಿರುವ ಒಂದು ಜಾಗವಿದೆ. ಅಲ್ಲಿಯವರೆಗೆ ಸೋಫಾ ಮರ್ಯಾದೆಯಿಂದಲೇ ಬಂತು.

"ತಿರುಗಿಸು!" ಎಂದರು ಸಾಕಪ್ಪನವರು.

"ಯಾವ ಕಡೆ ಸಾರ್?"

"ನಿನ್ನ ಕಡೆ!"

"ನನ್ನ ಕಡೆ ಗೋಡೆ ಇದೆ ಸಾರ್!"

"ಹಾಗಾದ್ರೆ ನನ್ನ ಕಡೆ!"

"ನಿಮ್ಮ ಕಡೆ ನೀವೇ ಇದ್ದೀರಲ್ಲ ಸಾರ್!"

ಇಬ್ಬರೂ ಒಟ್ಟಿಗೆ ನೂಕಿದರು. ಕಟಕ್ಕೆಂದಿತು. ಸೋಫಾದ ಒಂದು ಕೈ ಗೋಡೆಗೆ ಒರಗಿತು, ಇನ್ನೊಂದು ಕೈ ಕಟಕಟೆಯ ಕಂಬಿಯೊಳಗೆ ಹೊಕ್ಕಿತು. ಆಮೇಲೆ ಅದು ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಅಂಗಡಿಯಲ್ಲಿ ಇಟ್ಟ ಹಾಗೆ ನಾಲ್ಕೂ ಕಾಲೂರಿ, ಬೆನ್ನು ಕಿಟಕಿಗೆ ಕೊಟ್ಟು ನೆಟ್ಟಗೆ ನಿಂತಿತು. ವ್ಯಾಪಾರಿ ಕೆಳಗಿನಿಂದ ಕತ್ತೆತ್ತಿ ನೋಡಿ, "ಇಳಿದ ಮೇಲೆ ಹೇಳಿ ಕಳ್ಸಿ" ಎಂದು ಗಾಡಿ ತಳ್ಳಿಕೊಂಡು ಹೋದ. ಟೈಲರು ಸೋಫಾ ಹತ್ತಿ ಆ ಕಡೆ ಇಳಿದು ಅಂಗಡಿ ಸೇರಿದ.

ಮೊದಲು ಬಂದವರು ಮೇಲಿನ ಮಹಡಿಯ ಅಜ್ಜಿ. ಮಂಡಿನೋವಿನಿಂದ ಅವರು ಬೀದಿ ನೋಡಿಯೇ ಎಷ್ಟೋ ದಿನವಾಗಿತ್ತು. ಸದ್ದು ಕೇಳಿ ಮೆಲ್ಲಗೆ ಇಳಿದು ಬಂದು, ಸೋಫಾ ಮೇಲೆ ಕೂತು, ಉಸ್ಸಪ್ಪಾ ಎಂದು ಕತ್ತು ತಿರುಗಿಸಿ ಕಿಟಕಿಯಾಚೆ ನೋಡಿದರು. "ಯಾರಪ್ಪಾ ಈ ಪುಣ್ಯದ ಕೆಲಸ ಮಾಡಿದ್ದು? ಇಷ್ಟು ವರ್ಷದಲ್ಲಿ ಯಾರಿಗೂ ಹೊಳೀಲಿಲ್ಲವಲ್ಲ!"

ಸಂಜೆ ಡ್ಯೂಟಿ ಮುಗಿಸಿ ಬಂದ ಹೆಂಡತಿ ಅಲ್ಲೇ ಅಜ್ಜಿಯ ಪಕ್ಕ ಕೂತು ಬೂಟು ಕಳಚಿದಳು. ಮಾರನೆಯ ದಿನ ಟೈಲರು ಗುಂಡಿ ಹಾಕುವ ಕೆಲಸವನ್ನೆಲ್ಲ ಅಲ್ಲಿಗೇ ತಂದ. ಅಂಗಡಿಯಲ್ಲಿ ಇಲ್ಲದ ಗಾಳಿ ಅಲ್ಲಿತ್ತಂತೆ. ಅಜ್ಜಿಯ ಫ್ಲಾಸ್ಕು ಬಂತು, ಟೈಲರನ ಬಿಸ್ಕತ್ತು ಬಂತು, ಒಂದೇ ದಿನಪತ್ರಿಕೆಯನ್ನು ಮೂವರೂ ಹಂಚಿಕೊಂಡು ಓದಿದರು. ಸಂಜೆಯಾದರೆ ಕಟ್ಟಡದವರೆಲ್ಲ ಮೆಟ್ಟಿಲ ಮೇಲೆ.

ಮನೆಯಲ್ಲಿ ಸಾಕಪ್ಪನವರು ಒಬ್ಬರೇ ಚಾಪೆಯ ಮೇಲೆ ಕೂತಿದ್ದರು. ಕೆಳಗಿನಿಂದ ಹೆಂಡತಿಯ ನಗು ಕೇಳಿಸುತ್ತಿತ್ತು. ಅವಳು ಹಾಗೆ ಗಟ್ಟಿಯಾಗಿ ನಗುವುದನ್ನು ಅವರು ಮರೆತೇಬಿಟ್ಟಿದ್ದರು. ಹೊಟ್ಟೆಕಿಚ್ಚಾಯಿತು. ಯಾರ ಮೇಲೆ ಎಂದು ಮೊದಲು ತಿಳಿಯಲಿಲ್ಲ, ಆಮೇಲೆ ಸೋಫಾ ಮೇಲೆ ಎಂದು ತಿಳಿದು ಇನ್ನಷ್ಟು ಬೇಜಾರಾಯಿತು. ಬಾಗಿಲಿಗೆ ಬಂದು ಕೂಗಿದರು.

"ಊಟಕ್ಕೆ ಬರಲ್ವೇನೇ?"

"ಕೇಳಿದ್ರಿ ಅಂತ ಹೇಳ್ತೀನಿ. ಈಗ ಬರಲ್ಲ."

ಶನಿವಾರ ಬಂದರೂ ಸೋಫಾ ಹೋಗಲಿಲ್ಲ. ಬಡಗಿಯನ್ನು ಕರೆಸಿ ಕೊಯ್ಯಿಸಿಬಿಡುತ್ತೇನೆ ಎಂದು ಸಾಕಪ್ಪನವರು ಗುಡುಗಿದರು. "ಮೊದಲು ನನ್ನ ಕೊಯ್ಸಪ್ಪ" ಎಂದು ಅಜ್ಜಿ ಇನ್ನೂ ಅಗಲವಾಗಿ ಕೂತರು. ಕೊನೆಯ ಅಸ್ತ್ರವಾಗಿ ಅಡುಗೆಮನೆಯ ಎಣ್ಣೆ ತಂದು ಕಂಬಿಗೆ ಸುರಿದು, ಎರಡು ಮೆಟ್ಟಿಲು ಮೇಲೆ ನಿಂತು, ಉಸಿರು ಕಟ್ಟಿ ನೂಕಿದರು. ಸೋಫಾ ಜಾರಲಿಲ್ಲ, ಅವರು ಜಾರಿದರು. ಜಾರಿ ಬಂದು ಸರಿಯಾಗಿ ಅಜ್ಜಿಯ ಪಕ್ಕದಲ್ಲೇ ಕೂತರು.

"ಬಾಪ್ಪ, ಟೀ ತಗೋ," ಎಂದರು ಅಜ್ಜಿ.

"ಸಾಕಜ್ಜಿ!" ಎಂದು ಎದ್ದು, ಎಣ್ಣೆ ಕೈ ಒರೆಸಿಕೊಳ್ಳುತ್ತ ಮನೆಗೆ ಹೋದರು.

ಭಾನುವಾರ ಬಂತು. ಸಾಕಪ್ಪನವರು ಒಗೆದ ಅಂಗಿ ತೊಟ್ಟು, ಬರಿದಾದ ನಡುಮನೆಯಲ್ಲಿ ಚಾಪೆಯ ಮೇಲೆ ಬೆನ್ನು ನೇರ ಮಾಡಿ ಕೂತರು. ಎದುರಿಗೆ ಒಂದು ಹೂಜಿ, ಒಂದು ಲೋಟ. ಮೇಡಂ ಸೋಫಾ ದಾಟಿ ಬರುವಾಗ "ಯಾರದೋ ಬೇಜವಾಬ್ದಾರಿ ಜನದ್ದು" ಎಂದು ಹೇಳುವುದೆಂದು ತೀರ್ಮಾನಿಸಿದ್ದರು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ನಿಂತಿತು. ಮಾತು ಕೇಳಿಸಿತು, ನಗು ಕೇಳಿಸಿತು, ಲೋಟಗಳ ಸದ್ದು ಕೇಳಿಸಿತು. ಮೇಲೆ ಮಾತ್ರ ಯಾರೂ ಬರಲಿಲ್ಲ. ಸಾಕಪ್ಪನವರ ಒಂದು ಕಾಲು ಜೋಮು ಹಿಡಿಯಿತು. ಇನ್ನೊಂದು ಕಾಲೂ ಹಿಡಿದಾಗ, ಗೋಡೆ ಹಿಡಿದುಕೊಂಡು ತಾವೇ ಇಳಿದರು.

ಮೇಡಂ ಸೋಫಾದ ನಟ್ಟನಡುವೆ, ಅಜ್ಜಿಗೂ ಹೆಂಡತಿಗೂ ಮಧ್ಯೆ ಕೂತು ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದರು.

"ಬನ್ನಿ ಬನ್ನಿ! ನೀವು ಹೇಳಿದ್ದಕ್ಕಿಂತ ಚೆನ್ನಾಗಿದೆ! ಇಡೀ ಕಟ್ಟಡಕ್ಕೆ ಒಂದೇ ಸೋಫಾ, ಒಂದೇ ಪೇಪರ್, ಒಂದೇ ಫ್ಲಾಸ್ಕ್! ನಮ್ಮನೇಲಿ ಎರಡು ಸೋಫಾ ಇದೆ, ಕೂತು ಮಾತಾಡೋರು ಒಬ್ರಿಲ್ಲ. ಯಾರ ಯೋಚನೆ ಇದು?"

ಸಾಕಪ್ಪನವರ ಎದೆಯುಬ್ಬಿತು. ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಹೆಂಡತಿ, "ಇವರದೇ ಮೇಡಂ. ಕೂಲಿ ಉಳಿಸೋಕೆ ಹೋಗಿ ಸಿಕ್ಕಿಹಾಕ್ಕೊಳ್ತು," ಎಂದಳು.

ಮೇಡಂ ಟೀ ಚೆಲ್ಲುವ ಹಾಗೆ ನಕ್ಕರು. "ಎಷ್ಟು ಕಡಿಮೆ ಮಾತಲ್ಲಿ ಎಷ್ಟು ಹೇಳ್ತೀರಮ್ಮ! ವಾರ್ಷಿಕ ಸಭೇಲಿ ನೀವೇ ಮಾತಾಡ್ಬೇಕು. ಮೈಕು ಚೆಕ್ ಮಾಡೋಕೆ ನಿಮ್ಮನೆಯವರಿದ್ದಾರಲ್ಲ!"

ಮೆಟ್ಟಿಲ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಟೈಲರು ಎಲ್ಲರಿಗಿಂತ ಜೋರಾಗಿ ತಟ್ಟಿದ. ಸಾಕಪ್ಪನವರಿಗೆ ಅಳು ಬರುವಂತಾಯಿತು. ಅಜ್ಜಿ ಅವರ ಮುಖ ನೋಡಿ ಸ್ವಲ್ಪ ಸರಿದರು. "ನಿಂತ್ಕೊಂಡೇ ಇದ್ದೀಯಲ್ಲಪ್ಪ, ಕೂತ್ಕೋ." ಟೀಯನ್ನು ಲೋಟದ ತುಂಬ ಬಗ್ಗಿಸಿದರು. ಸಾಕಪ್ಪನವರ ಬಾಯಿಂದ ಅಭ್ಯಾಸದ ಮಾತು ಹೊರಡಲಿಲ್ಲ. ಕೂತರು. ಸೋಫಾ ಇಷ್ಟು ಮೆತ್ತಗಿದೆಯೆಂದು ಅವರಿಗೆ ಮನೆಯಲ್ಲಿದ್ದಾಗ ಗೊತ್ತೇ ಆಗಿರಲಿಲ್ಲ.

ಮೇಡಂ ಕೈಯನ್ನು ಸೋಫಾದ ಹಿಂಭಾಗಕ್ಕೆ ಹಾಕಿ ತಡಕಿದರು. "ಅಲ್ಲ, ಈ ನಮೂನೆ ಸೋಫಾದ ಬೆನ್ನು ಬಿಚ್ಚಿಕೊಳ್ಳತ್ತಲ್ಲ? ಇಲ್ಲೇ ಬೋಲ್ಟುಗಳಿವೆ ನೋಡಿ. ಬಿಚ್ಚಿದ್ರೆ ಸಲೀಸಾಗಿ ಇಳಿಯತ್ತೆ."

"ಹೌದು ಮೇಡಂ. ತರುವಾಗ ಅಂಗಡಿಯವರು ಹಾಗೇ ಬಿಚ್ಚಿ ತಂದಿದ್ರು," ಎಂದಳು ಹೆಂಡತಿ. "ಸ್ಪ್ಯಾನರ್ ನನ್ನ ಹತ್ರಾನೇ ಇದೆ."

ಸಾಕಪ್ಪನವರ ಲೋಟ ಬಾಯಿಯ ಹತ್ತಿರ ನಿಂತಿತು. "ನಿಂಗೆ ಗೊತ್ತಿತ್ತಾ? ಮತ್ತೆ ಹೇಳೋಕೇನಾಗಿತ್ತು?"

ಹೆಂಡತಿ ಕಾಲು ಮಡಿಸಿಕೊಂಡು ಸೋಫಾಕ್ಕೆ ಒರಗಿದಳು.

"ಈಗ ಕೇಳಿದ್ರಿ ನೋಡಿ."